ಹೋಸ್ಟ್‌ಗೆ ತೊಂದರೆಯಾದಾಗ ಯಾರು ಓಗೊಡುತ್ತಾರೆ: ಅಲ್ಪಾವಧಿ ಬಾಡಿಗೆಯ ಮೂರು ದಾರಿಗಳ ಹೋಲಿಕೆ

ಮನೆಯನ್ನೋ ಕೋಣೆಯನ್ನೋ ದಿನಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವರು, ಅಂದರೆ ಹೋಸ್ಟ್‌ಗಳು, ಬುಕಿಂಗ್ ತಂದುಕೊಡುವ ಆನ್‌ಲೈನ್ ವೇದಿಕೆಗಳನ್ನು ಹೋಲಿಸುವಾಗ ಮೊದಲು ನೋಡುವುದು ಕಮಿಷನ್ ದರವನ್ನು. ಆ ಅಂಕಿಗಳು ಎದುರಿಗೇ ಇರುವುದರಿಂದ ಇದು ಸಹಜವೇ. ಏರ್‌ಬಿಎನ್‌ಬಿ ಬಹುಕಾಲ ಹೆಚ್ಚಿನ ಹೋಸ್ಟ್‌ಗಳಿಂದ ಶೇ. 3ರಷ್ಟನ್ನು ಮಾತ್ರ ಹಿಡಿದುಕೊಂಡು ಉಳಿದ ಶುಲ್ಕವನ್ನು ಅತಿಥಿಯ ಬಿಲ್ಲಿಗೆ ಸೇರಿಸುತ್ತಿತ್ತು. 2025ರ ಅಕ್ಟೋಬರ್‌ನಿಂದ, ಬುಕಿಂಗ್‌ಗಳನ್ನು ನೋಡಿಕೊಳ್ಳಲು ನಿರ್ವಹಣಾ ಸಾಫ್ಟ್‌ವೇರ್ ಬಳಸುವ ಹೋಸ್ಟ್‌ಗಳನ್ನು ಶೇ. 15.5ರ ಒಂದೇ ಶುಲ್ಕಕ್ಕೆ ವರ್ಗಾಯಿಸತೊಡಗಿತು. ವರ್ಬೊದಲ್ಲಿ ವಾರ್ಷಿಕ ಚಂದಾ ಕಟ್ಟದವರು ಪ್ರತಿ ಬುಕಿಂಗ್‌ಗೆ ಶೇ. 5 ಕಮಿಷನ್, ಶೇ. 3 ಪಾವತಿ ಶುಲ್ಕ ಸೇರಿ ಶೇ. 8 ಕೊಡುತ್ತಾರೆ. ಬುಕಿಂಗ್ ಡಾಟ್ ಕಾಮ್‌ನ ದರ ದೇಶದಿಂದ ದೇಶಕ್ಕೆ ಬದಲಾದರೂ ಸಾಮಾನ್ಯವಾಗಿ ಶೇ. 15ರ ಆಸುಪಾಸಿನಲ್ಲಿರುತ್ತದೆ. ಆದರೆ ಕಮಿಷನ್ ಎಂಬುದು ಮೊದಲೇ ಗೊತ್ತಿರುವ ಖರ್ಚು. ಬಾಡಿಗೆ ನಿಗದಿ ಮಾಡುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಬಹುದು. ಯಾವ ದರಪಟ್ಟಿಯಲ್ಲೂ ಕಾಣದ ಇನ್ನೊಂದು ಖರ್ಚಿದೆ. ಅತಿಥಿ ಸಾಮಾನು ಹಾಳುಮಾಡಿ ಹೋದಾಗ, ಒಂದೇ ರಾತ್ರಿಗೆ ಇಬ್ಬರ ಬುಕಿಂಗ್ ಬಂದಾಗ, ಬರಬೇಕಾದ ಹಣ ಬರದೇ ಇದ್ದಾಗ ವೇದಿಕೆಯ ಕಸ್ಟಮರ್ ಕೇರ್‌ನೊಂದಿಗೆ ಕಳೆಯಬೇಕಾದ ಹೊತ್ತು, ಮತ್ತು ಕೊನೆಗೆ ಕೈಬಿಡಬೇಕಾಗಿ ಬರುವ ಮೊತ್ತ. ಒಂದೇ ಮನೆಯನ್ನು ನಾನು ಮೂರು ಬೇರೆ ಬೇರೆ ವ್ಯವಸ್ಥೆಗಳಲ್ಲಿ ಬಾಡಿಗೆಗೆ ಕೊಟ್ಟು ನೋಡಿದ್ದೇನೆ. ಇಲ್ಲಿ ಅವುಗಳನ್ನು ಆ ಒಂದು ವಿಷಯದಲ್ಲಿ ಮಾತ್ರ ಹೋಲಿಸುತ್ತಿದ್ದೇನೆ.

ನಾನು ಬಳಸಿದ ತಾಣಗಳ ಹೆಸರನ್ನು ಹೇಳುವುದಿಲ್ಲ. ಒಂದೇ ತಾಣದಲ್ಲಿ ಒಬ್ಬ ಸಿಬ್ಬಂದಿಯಿಂದ ಸಿಕ್ಕ ಉತ್ತರ ಇನ್ನೊಬ್ಬರಿಂದ ಸಿಗುವುದಿಲ್ಲವಾದ್ದರಿಂದ, ಹೆಸರು ಹೇಳಿದರೆ ನನ್ನ ಪಾಲಿಗೆ ಬಂದ ಅದೃಷ್ಟವನ್ನು ಇಡೀ ಕಂಪನಿಯ ನಡತೆ ಎಂದು ತೀರ್ಪು ಕೊಟ್ಟಂತಾಗುತ್ತದೆ. ಹೆಸರಿಗಿಂತ ಮುಖ್ಯವಾದದ್ದು ಹಣದ ದಾರಿ. ಮೊದಲನೆಯ ವ್ಯವಸ್ಥೆಯಲ್ಲಿ ಅತಿಥಿಯ ಹಣವನ್ನು ತಾಣವೇ ಪಡೆದು ತನ್ನಲ್ಲಿಟ್ಟುಕೊಂಡು, ಅತಿಥಿ ಬಂದಿಳಿದ ಮೇಲೆ ಹೋಸ್ಟ್‌ಗೆ ಬಿಡುಗಡೆ ಮಾಡುತ್ತದೆ. ಎರಡನೆಯದರಲ್ಲಿ ತಾಣ ಬುಕಿಂಗ್ ತಂದುಕೊಡುತ್ತದೆ, ಹಣವನ್ನು ಅತಿಥಿಯಿಂದ ನಾನೇ ಪಡೆಯುತ್ತೇನೆ, ತಿಂಗಳ ಕೊನೆಗೆ ತಾಣ ಕಮಿಷನ್ ಇನ್‌ವಾಯ್ಸ್ ಕಳಿಸುತ್ತದೆ. ಮೂರನೆಯದು ನನ್ನದೇ ಪುಟ, ನನ್ನದೇ ಕರಾರುಪತ್ರ, ಹಣಕ್ಕೆ ಒಂದು ಪೇಮೆಂಟ್ ಗೇಟ್‌ವೇ, ಅಂದರೆ ಅತಿಥಿಯ ಕಾರ್ಡ್ ಪಾವತಿಯನ್ನು ನನ್ನ ಖಾತೆಗೆ ತಲುಪಿಸುವ ಸೇವೆ. ಸಹಾಯದ ಗುಣಮಟ್ಟದಲ್ಲಿ ಈ ಮೂರರ ನಡುವೆ ನಾನು ಕಂಡ ವ್ಯತ್ಯಾಸಗಳಲ್ಲಿ ಹೆಚ್ಚಿನವಕ್ಕೆ ಕಾರಣ ಸಿಬ್ಬಂದಿಯ ಸೌಜನ್ಯವೋ ತರಬೇತಿಯೋ ಆಗಿರಲಿಲ್ಲ. ತಕರಾರು ಎದ್ದ ಗಳಿಗೆಯಲ್ಲಿ ಹಣ ಯಾರ ಬಳಿ ಇತ್ತು ಎಂಬುದೇ ಆಗಿತ್ತು.

ಮೊದಲನೆಯದರಿಂದ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚು ಬುಕಿಂಗ್ ಬಂದದ್ದೂ ಹೆಚ್ಚು ಸಂಕಟ ಬಂದದ್ದೂ ಅಲ್ಲಿಂದಲೇ. ಚಾಟ್ ಕಿಟಕಿ ಹಗಲಿರುಳೂ ತೆರೆದಿರುತ್ತದೆ. ಮೊದಲು ಚಾಟ್‌ಬಾಟ್ ಮಾತಾಡಿಸುತ್ತದೆ. ಅದು ತೋರಿಸುವ ಲೇಖನಗಳನ್ನೆಲ್ಲ ಬದಿಗೊತ್ತಿ 'ಮನುಷ್ಯರೊಂದಿಗೆ ಮಾತಾಡಬೇಕು' ಎಂದು ಒತ್ತಾಯಿಸಿದರೆ ತುಸು ಹೊತ್ತಿನಲ್ಲಿ ಯಾರಾದರೂ ಸಿಗುತ್ತಾರೆ. ಉತ್ತರ ಬೇಗ ಬರುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ಬೇಗ ಬರುವುದು ಉತ್ತರ ಮಾತ್ರ, ಪರಿಹಾರವಲ್ಲ.

ಊಟದ ಮೇಜಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಆಕಾರದಲ್ಲೇ ಸುಟ್ಟ ಗುರುತು ಬಿಟ್ಟು ಹೋದ ಅತಿಥಿಗಳ ವಿಷಯವನ್ನು ಉದಾಹರಣೆಗೆ ನೋಡಬಹುದು. ಚೆಕ್‌ಔಟ್ ಆದ ದಿನವೇ ಚಿತ್ರಗಳನ್ನೂ ಬಡಗಿ ಬರೆದುಕೊಟ್ಟ ಅಂದಾಜುಪಟ್ಟಿಯನ್ನೂ ಸೇರಿಸಿ ಕ್ಲೇಮ್ ಹಾಕಿದೆ. ಅತಿಥಿ ನಿರಾಕರಿಸಿದರು, ವಿಷಯ ತಾಣದ ಮುಂದೆ ಹೋಯಿತು. ಮೊದಲು ಸಿಕ್ಕ ಸಿಬ್ಬಂದಿ ಚಿತ್ರಗಳನ್ನು ಕೇಳಿದರು, ಅವು ಅದೇ ಕಿಟಕಿಯಲ್ಲಿ ಮೇಲೆಯೇ ಇದ್ದವು. ಪಾಳಿ ಬದಲಾಗಿ ಬಂದ ಮತ್ತೊಬ್ಬರು ಮೇಜನ್ನು ಕೊಂಡಾಗಿನ ರಸೀದಿ ಕೇಳಿದರು. ಅದನ್ನೂ ಕಳಿಸಿದ ಮೇಲೆ ಇನ್ನೊಬ್ಬರು ಬಂದು, ಈ ಗುರುತು ಆ ಅತಿಥಿಗಳು ಬರುವ ಮೊದಲೇ ಇರಲಿಲ್ಲ ಎಂಬುದಕ್ಕೆ ಆಧಾರವೇನು ಎಂದರು. ಪ್ರತಿ ಚೆಕ್‌ಇನ್‌ಗೆ ಮೊದಲು ಕೋಣೆಗಳ ಚಿತ್ರ ತೆಗೆದಿಡುವ ಅಭ್ಯಾಸ ಇದ್ದುದರಿಂದ ತಾರೀಖಿರುವ ಚಿತ್ರವನ್ನೂ ಒದಗಿಸಿದೆ. ಅದಾದ ಮೇಲೆ ಬಂದದ್ದು 'ನಿಮ್ಮಿಂದ ಪ್ರತಿಕ್ರಿಯೆ ಬಾರದ ಕಾರಣ ಈ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ' ಎಂಬ ಸಂದೇಶ. ನನ್ನ ಪ್ರತಿಕ್ರಿಯೆ ಆ ಸಂದೇಶದ ನೇರ ಮೇಲಿನ ಸಾಲಿನಲ್ಲೇ ಇತ್ತು. ಪ್ರಕರಣವನ್ನು ಮತ್ತೆ ತೆರೆಸಿ, ಮತ್ತೆ ನಮಸ್ಕಾರದಿಂದ ಆರಂಭಿಸಿ, ಕೊನೆಗೆ ಹಳೆಯ ಮೇಜೆಂಬ ಕಾರಣಕ್ಕೆ ಸವಕಳಿ ಕಳೆದು ಬಂದ ಮೊತ್ತದಲ್ಲಿ ಬಡಗಿಯ ಕೂಲಿಯೂ ಪೂರ್ತಿ ಹುಟ್ಟಲಿಲ್ಲ.

ದೊಡ್ಡ ತಾಣಗಳು ಪ್ರಕಟಿಸುವ ರಕ್ಷಣೆಯ ಮೊತ್ತವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಏರ್‌ಬಿಎನ್‌ಬಿ 2021ರ ನವೆಂಬರ್‌ನಲ್ಲಿ ಏರ್‌ಕವರ್ ಎಂಬ ಹೆಸರಿನಲ್ಲಿ 10 ಲಕ್ಷ ಡಾಲರ್‌ವರೆಗಿನ ಹಾನಿ ರಕ್ಷಣೆಯನ್ನು ಘೋಷಿಸಿ, ಮರುವರ್ಷ ಅದನ್ನು 30 ಲಕ್ಷ ಡಾಲರ್‌ಗೆ ಏರಿಸಿತು. ಆದರೆ ಹಾನಿಗೆ ಸಂಬಂಧಿಸಿದ ಈ ರಕ್ಷಣೆ ವಿಮೆಯಲ್ಲ ಎಂದು ಅದರ ಷರತ್ತುಗಳೇ ಹೇಳುತ್ತವೆ. ಚೆಕ್‌ಔಟ್ ಆದ 14 ದಿನಗಳೊಳಗೆ ಕೋರಿಕೆ ಸಲ್ಲಿಸಬೇಕು, ಅತಿಥಿಗೆ ಉತ್ತರಿಸಲು 24 ಗಂಟೆ ಕೊಡಬೇಕು, ಆಮೇಲಷ್ಟೇ ಕಂಪನಿಯನ್ನು ನಡುವೆ ಕರೆಯಬಹುದು. ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಏನೂ ಸಿಗುವುದಿಲ್ಲ. ಮನೆಯೇ ಸುಟ್ಟುಹೋಗುವಂಥ ಅನಾಹುತಕ್ಕೆ 30 ಲಕ್ಷದ ಮಿತಿ ಮುಖ್ಯವಾಗಬಹುದು. ದಿನನಿತ್ಯ ನಮ್ಮನ್ನು ಕಾಡುವುದು ಮೇಜು, ಹಾಸಿಗೆ, ಬಾಗಿಲ ಚಿಲಕದಂಥ ಸಣ್ಣ ಕ್ಲೇಮುಗಳು. ಅವುಗಳಲ್ಲಿ ಮಿತಿ ಎಷ್ಟು ಎತ್ತರದಲ್ಲಿದೆ ಎಂಬುದಕ್ಕಿಂತ ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ನೋಡುತ್ತಾರೆಯೇ ಎಂಬುದೇ ಫಲಿತಾಂಶವನ್ನು ನಿರ್ಧರಿಸುತ್ತದೆ.

ಅದೇ ತಾಣದಲ್ಲಿ ದೂರು ಅತಿಥಿಯ ಕಡೆಯಿಂದ ಬಂದಾಗ ವೇಗ ಬೇರೆಯೇ ಇರುತ್ತದೆ. ಇಂಟರ್‌ನೆಟ್ ನಿಧಾನವಿದೆ ಎಂದು ತಂಗಿದ್ದವರು ಒಮ್ಮೆ ದೂರಿದರು. ಸಂಜೆಯೊಳಗೆ ನನಗೇ ಕರೆ ಬಂತು. ಕರೆ ಮಾಡಿದವರ ಮಾತು ಮೃದುವಾಗಿತ್ತು, ಆದರೆ ಕೇಳಿದ್ದು ಒಂದೇ ಪ್ರಶ್ನೆ: ಅತಿಥಿಗೆ ಒಂದಿಷ್ಟು ಹಿಂದಿರುಗಿಸಲು ಒಪ್ಪುತ್ತೀರಾ? ಸಂಪರ್ಕದ ವೇಗ ಅಳೆದು ತೆಗೆದ ಸ್ಕ್ರೀನ್‌ಶಾಟ್ ಇದೆ ಎಂದೆ. ನೋಡುತ್ತೇವೆ ಎಂದರು. ಆಮೇಲೆ ತಾಣ ನನಗೆ ಬಿಡುಗಡೆ ಮಾಡಿದ ಪೇಔಟ್‌ನಲ್ಲಿ ಹಣ ಕಡಿತವಾಗಿತ್ತು, ಕಾರಣದ ಜಾಗದಲ್ಲಿ 'ಹೊಂದಾಣಿಕೆ' ಎಂಬ ಒಂದೇ ಪದವಿತ್ತು. ಮೇಜಿನ ಪ್ರಕರಣದಲ್ಲಿ ನನ್ನಿಂದ ಆಧಾರದ ಮೇಲೆ ಆಧಾರ ಕೇಳಿದ ತಾಣ ಇಲ್ಲಿ ಅತಿಥಿಯಿಂದ ಏನು ಕೇಳಿತೋ ನನಗೆ ಹೇಳಲಿಲ್ಲ. ಸಿಬ್ಬಂದಿಗೆ ಹೋಸ್ಟ್‌ಗಳ ಮೇಲೆ ಹಗೆಯಿದೆ ಎಂದು ನಾನು ನಂಬುವುದಿಲ್ಲ. ಹಣ ಅವರ ಬಳಿಯೇ ಇರುವಾಗ ಅತಿಥಿಗೆ ಮರಳಿಸುವುದು ಒಂದು ಗುಂಡಿ ಒತ್ತುವ ಕೆಲಸ, ಹೋಸ್ಟ್‌ಗೆ ತುಂಬಿಕೊಡುವುದು ಅತಿಥಿಯ ಬೆನ್ನು ಹತ್ತಿ ವಸೂಲಿ ಮಾಡುವ ಕೆಲಸ. ಸುಲಭವಾದದ್ದು ಮೊದಲು ನಡೆಯುತ್ತದೆ, ಅಷ್ಟೆ.

ಹಣ ಇಟ್ಟುಕೊಂಡವರ ನಿಯಮವೇ ಮೇಲಾಗುತ್ತದೆ ಎಂಬುದನ್ನು ಇಡೀ ಜಗತ್ತಿನ ಹೋಸ್ಟ್‌ಗಳು ಒಟ್ಟಿಗೆ ಕಂಡದ್ದು 2020ರ ಮಾರ್ಚ್‌ನಲ್ಲಿ. ಕೋವಿಡ್ ಹರಡುತ್ತಿದ್ದಂತೆ ಏರ್‌ಬಿಎನ್‌ಬಿ, ಹೋಸ್ಟ್‌ಗಳು ತಾವೇ ಆರಿಸಿಕೊಂಡಿದ್ದ ರದ್ದತಿ ನಿಯಮಗಳನ್ನು ಬದಿಗಿಟ್ಟು, ಮಾರ್ಚ್ 14ರವರೆಗೆ ಮಾಡಿದ್ದ, ಮುಂದಿನ ಕೆಲವು ವಾರಗಳ ಬುಕಿಂಗ್‌ಗಳಿಗೆ ಅತಿಥಿಗಳಿಗೆ ಪೂರ್ತಿ ಹಣ ಮರಳಿಸಲು ನಿರ್ಧರಿಸಿತು. ಆ ಸಂದರ್ಭದಲ್ಲಿ ಅತಿಥಿಗಳಿಗೆ ಹಣ ಮರಳಬೇಕಿತ್ತು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಹೋಸ್ಟ್‌ಗಳನ್ನು ಕೇಳದೆಯೇ ನಿರ್ಧಾರವಾಯಿತು. ಮಾರ್ಚ್ 30ರಂದು ಕಂಪನಿಯ ಮುಖ್ಯಸ್ಥ ಬ್ರಯಾನ್ ಚೆಸ್ಕಿ ಹೋಸ್ಟ್‌ಗಳ ಕ್ಷಮೆ ಕೇಳಿ, ರದ್ದಾದ ಬುಕಿಂಗ್‌ಗಳಿಗಾಗಿ 25 ಕೋಟಿ ಡಾಲರ್ ಮೀಸಲಿಡುವುದಾಗಿ ತಿಳಿಸಿದರು. ಲೆಕ್ಕಕ್ಕೆ ಹಿಡಿದದ್ದು ಹೋಸ್ಟ್‌ಗೆ ರದ್ದತಿ ನಿಯಮದ ಪ್ರಕಾರ ಸಿಗಬೇಕಿದ್ದ ಮೊತ್ತದ ಶೇ. 25 ಮಾತ್ರ.

ಹಣ ತಾಣದ ಬಳಿ ಇರುವುದರ ಇನ್ನೊಂದು ಮುಖವನ್ನು 2023ರಲ್ಲಿ ಬುಕಿಂಗ್ ಡಾಟ್ ಕಾಮ್‌ನ ಹೋಸ್ಟ್‌ಗಳು ಕಂಡರು. ಅತಿಥಿಗಳು ಕಟ್ಟಿದ ಹಣ ಹಲವು ದೇಶಗಳ ಮನೆಮಾಲೀಕರಿಗೂ ಸಣ್ಣ ಹೋಟೆಲ್‌ಗಳಿಗೂ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ತಲುಪಲಿಲ್ಲ. ಕಂಪನಿ ತಾಂತ್ರಿಕ ತೊಡಕು ಎಂಬ ಕಾರಣ ಕೊಟ್ಟಿತು. ಹಣ ತಡವಾದದ್ದರಷ್ಟೇ, ಯಾವಾಗ ಬರುತ್ತದೆ ಎಂದು ಹೇಳುವವರು ಯಾರೂ ಸಿಗಲಿಲ್ಲ ಎಂಬುದೂ ಆಗ ಪತ್ರಿಕೆಗಳಿಗೆ ಹೋದ ದೂರುಗಳಲ್ಲಿ ಮುಖ್ಯವಾಗಿತ್ತು.

ಇನ್ನು ನಾನು ಬಳಸಿದ ಎರಡನೆಯ ವ್ಯವಸ್ಥೆ. ಅತಿಥಿಯ ಹಣ ನನ್ನ ಕೈಗೇ ಬರುವುದರಿಂದ ಮೊದಲನೆಯದರ ಅರ್ಧ ತಲೆನೋವು ಇಲ್ಲಿ ಹುಟ್ಟುವುದೇ ಇಲ್ಲ. ಡೆಪಾಸಿಟ್ ನನ್ನ ಬಳಿ ಇರುತ್ತದೆ. ಹಾನಿಯಾದರೆ ಅತಿಥಿಯ ಎದುರಿಗೇ ತೋರಿಸಿ, ಮಾತಾಡಿ, ಕಳೆದುಕೊಳ್ಳಬಹುದು. ಇಂಟರ್‌ನೆಟ್ ನಿಧಾನವೆಂದರೆ ಎಷ್ಟು ಹಿಂದಿರುಗಿಸಬೇಕೆಂದು ನಾನೇ ತೀರ್ಮಾನಿಸುತ್ತೇನೆ, ಹಾಗಾಗಿ ಹಿಂದಿರುಗಿಸಿದಾಗ ಬೇಸರವೂ ಆಗುವುದಿಲ್ಲ. ಇಲ್ಲಿ ಕಸ್ಟಮರ್ ಕೇರ್‌ನ ಅಗತ್ಯ ಬೀಳುವುದು ತಾಣದ ಕಡೆಯಿಂದಲೇ ತಪ್ಪಾದಾಗ. ಆಗ ಅಲೆದಾಟ ಮೊದಲನೆಯದಕ್ಕಿಂತ ಹೆಚ್ಚು.

ಈ ತಾಣದಲ್ಲಿ ಫೋನ್ ಎತ್ತುತ್ತಾರೆ. ಮನುಷ್ಯರೇ ಎತ್ತುತ್ತಾರೆ, ಸಮಾಧಾನದಿಂದ ಕೇಳಿಸಿಕೊಳ್ಳುತ್ತಾರೆ. ಆದರೆ ಫೋನ್ ಎತ್ತುವವರಿಗೆ ಕ್ಯಾಲೆಂಡರ್ ಕಾಣುತ್ತದೆ, ಲೆಕ್ಕಪತ್ರ ಕಾಣುವುದಿಲ್ಲ. ಲೆಕ್ಕಪತ್ರ ನೋಡುವ ವಿಭಾಗಕ್ಕೆ ಫೋನ್ ಇಲ್ಲ, ಇಮೇಲ್ ಮಾತ್ರ. ಆ ಇಮೇಲ್‌ಗೆ ಬರುವ ಉತ್ತರದಲ್ಲಿ 'ಹೆಚ್ಚಿನ ಸಹಾಯಕ್ಕೆ ಕರೆ ಮಾಡಿ' ಎಂದು ಅದೇ ಮೊದಲಿನ ಫೋನ್ ಸಂಖ್ಯೆ ಇರುತ್ತದೆ. ಬುಕ್ ಮಾಡಿ ಬಾರದೇ ಉಳಿದ ಅತಿಥಿಯ ಮೇಲೂ ಕಮಿಷನ್ ಹಾಕಿದ ಇನ್‌ವಾಯ್ಸ್ ಬಂದಾಗ ನಾನು ಈ ವೃತ್ತದಲ್ಲಿ ಸುತ್ತಿದ್ದೇನೆ. ಅತಿಥಿ ಬಂದಿಲ್ಲ ಎಂದು ಗಡುವಿನೊಳಗೆ ಗುರುತು ಹಾಕಿದ್ದಕ್ಕೆ ತಾಣವೇ ಕಳಿಸಿದ್ದ ದೃಢೀಕರಣ ನನ್ನಲ್ಲಿತ್ತು. ಫೋನಿನಲ್ಲಿ ಸಿಕ್ಕವರು ಅದನ್ನು ನೋಡಿ, ನೀವು ಹೇಳುವುದು ಸರಿ ಎಂದೂ ಒಪ್ಪಿದರು. ಒಪ್ಪಿದವರಿಗೆ ತಿದ್ದುವ ಅಧಿಕಾರವಿರಲಿಲ್ಲ, ತಿದ್ದುವ ಅಧಿಕಾರವಿದ್ದವರು ಓದಿದಂತೆ ಕಾಣಲಿಲ್ಲ.

ಒಂದೇ ರಾತ್ರಿಗೆ ಎರಡು ಬುಕಿಂಗ್ ಬೀಳುವ ಸಮಸ್ಯೆಯನ್ನು ಇಲ್ಲೇ ವಿವರಿಸಬೇಕು, ಏಕೆಂದರೆ ಅದು ಎರಡು ತಾಣಗಳ ನಡುವಿನ ಬಿರುಕಿನಲ್ಲಿ ಹುಟ್ಟುತ್ತದೆ, ಹಾಗಾಗಿ ಯಾರೂ ಅದರ ಹೊಣೆ ಹೊರುವುದಿಲ್ಲ. ತಾಣಗಳ ಕ್ಯಾಲೆಂಡರ್‌ಗಳನ್ನು ಐಕ್ಯಾಲ್ ಕೊಂಡಿಯಿಂದ (ಕ್ಯಾಲೆಂಡರ್‌ನ ದಿನಾಂಕಗಳನ್ನು ಬೇರೆಡೆ ಓದಲು ಕೊಡುವ ವೆಬ್ ವಿಳಾಸದಿಂದ) ಜೋಡಿಸಿದರೆ ಒಂದು ಕಡೆ ಬಂದ ಬುಕಿಂಗ್ ಇನ್ನೊಂದಕ್ಕೆ ಕೂಡಲೇ ಹೋಗಿ ಮುಟ್ಟುವುದಿಲ್ಲ. ಆ ಇನ್ನೊಂದು ತಾಣ ತನಗೆ ಪುರಸತ್ತಾದಾಗ, ಅಂದರೆ ಕೆಲವು ಗಂಟೆಗಳಿಗೊಮ್ಮೆ, ಆ ಕೊಂಡಿಯನ್ನು ತೆರೆದು ಓದಿಕೊಳ್ಳುತ್ತದೆ. ಆ ನಡುವಿನ ಅವಧಿಯಲ್ಲಿ ದಿನಾಂಕ ಖಾಲಿಯೆಂದೇ ತೋರುತ್ತಿರುತ್ತದೆ. ಹೀಗೆ ಎರಡು ಕುಟುಂಬಗಳಿಗೆ ಒಂದೇ ಮನೆ ಸಿಕ್ಕ ಸಂಜೆ, ಮೊದಲನೆಯ ತಾಣ ತನ್ನ ಕೊಂಡಿ ಸರಿಯಾಗಿದೆ ಎಂದಿತು, ಎರಡನೆಯದು ತಾನು ನಿಗದಿತ ಹೊತ್ತಿಗೆ ಓದಿದ್ದೇನೆ ಎಂದಿತು. ಎರಡೂ ನಿಜವೇ. ಎರಡನೆಯ ತಾಣದ ಫೋನಿನವರು ಮಾತ್ರ ಒಂದು ಕೆಲಸ ಮಾಡಿದರು: ತಾವೇ ಅತಿಥಿಗೆ ಕರೆ ಮಾಡಿ ವಿಷಯ ತಿಳಿಸಿ, ಬೇರೆ ಮನೆ ಹುಡುಕಿಕೊಟ್ಟರು. ದರದ ವ್ಯತ್ಯಾಸ ನನ್ನ ಲೆಕ್ಕಕ್ಕೆ ಬಂತು, ಆದರೂ ಆ ಹೊತ್ತಿಗೆ ಅದು ದೊಡ್ಡ ಉಪಕಾರವೇ. ಮೊದಲನೆಯ ತಾಣ ಅಂಥ ಸಂದರ್ಭದಲ್ಲಿ ಹೋಸ್ಟ್ ರದ್ದತಿಯ ದಂಡವನ್ನು ವಿವರಿಸುವ ಲೇಖನದ ಕೊಂಡಿ ಕಳಿಸಿತ್ತು.

ಆಮೇಲೆ ಎಲ್ಲ ತಾಣಗಳ ಕ್ಯಾಲೆಂಡರ್, ದರಗಳನ್ನು ಒಂದೇ ಕಡೆಯಿಂದ ನಡೆಸುವ ಚಾನೆಲ್ ಮ್ಯಾನೇಜರ್ ಎಂಬ ಸಾಫ್ಟ್‌ವೇರ್ ತೆಗೆದುಕೊಂಡೆ. ತಾಣಗಳೊಂದಿಗೆ ನೇರ ಜೋಡಣೆ ಇರುವುದರಿಂದ ಕ್ಯಾಲೆಂಡರ್ ಬಹುತೇಕ ತಕ್ಷಣವೇ ಬದಲಾಗುತ್ತದೆ, ಎರಡು ಬುಕಿಂಗ್ ಬೀಳುವುದು ನಿಂತಿತು. ಆದರೆ ದೂರು ಹೇಳಿಕೊಳ್ಳಲು ಇನ್ನೊಂದು ಬಾಗಿಲು ಹೆಚ್ಚಾಯಿತು. ದರ ತಪ್ಪಾಗಿ ಹೋದರೆ ಸಾಫ್ಟ್‌ವೇರ್‌ನವರು ತಾಣದ ಕಡೆ ಬೆರಳು ತೋರುತ್ತಾರೆ, ತಾಣದವರು ಸಾಫ್ಟ್‌ವೇರ್ ಕಡೆ. ಆದರೂ ಇವರಲ್ಲಿ ಒಂದು ಅನುಕೂಲವಿದೆ: ಯಾವ ದರವನ್ನು ಯಾವ ಗಳಿಗೆಯಲ್ಲಿ ಕಳಿಸಲಾಯಿತು ಎಂಬ ದಾಖಲೆಯನ್ನು ಕೇಳಿದರೆ ಕೊಡುತ್ತಾರೆ. ಅದನ್ನು ತಾಣದ ಮುಂದಿಟ್ಟರೆ ವಾದ ಬೇಗ ಮುಗಿಯುತ್ತದೆ.

ಮೂರನೆಯ ದಾರಿಯಲ್ಲಿ, ಅಂದರೆ ನೇರ ಬುಕಿಂಗ್‌ನಲ್ಲಿ, ಕಸ್ಟಮರ್ ಕೇರ್ ಎಂಬುದೇ ಇಲ್ಲ. ನಡುರಾತ್ರಿ ಬಾಗಿಲ ಕೋಡ್ ಕೆಲಸ ಮಾಡದಿದ್ದರೆ ಅತಿಥಿ ನನ್ನನ್ನೇ ಎಬ್ಬಿಸಬೇಕು. ಅವರ ಗುರುತಿನ ಚೀಟಿ ನೋಡುವುದು, ಕರಾರಿಗೆ ಸಹಿ ಹಾಕಿಸುವುದು, ರದ್ದತಿ ನಿಯಮ ತಿಳಿಸಿ ಹೇಳುವುದು ಎಲ್ಲ ನನ್ನ ಕೆಲಸ. ನನಗಾಗಿ ಮಾತಾಡುವವರು ಯಾರೂ ಇಲ್ಲ ಎಂಬ ಅಳುಕಿನಿಂದಲೇ ಇದನ್ನು ಆರಂಭಿಸಿದ್ದೆ. ಆದರೆ ಮೂರರಲ್ಲಿ ತಕರಾರು ಅತ್ಯಂತ ಸ್ಪಷ್ಟವಾಗಿ ತೀರ್ಮಾನವಾದದ್ದು ಇಲ್ಲೇ ಎಂದು ಹೇಳಬೇಕಾಗಿದೆ.

ತಂಗಿ ಹೋದ ಅತಿಥಿಯೊಬ್ಬರು ಆಮೇಲೆ ತಮ್ಮ ಬ್ಯಾಂಕಿಗೆ ಹೇಳಿ ಚಾರ್ಜ್‌ಬ್ಯಾಕ್ ಹಾಕಿದರು, ಅಂದರೆ ಕಾರ್ಡ್‌ನಲ್ಲಿ ಕೊಟ್ಟ ಹಣವನ್ನು ಬ್ಯಾಂಕಿನ ಮೂಲಕವೇ ಹಿಂದಕ್ಕೆ ಕೇಳಿದರು. ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲಗಳ ನಿಯಮದಲ್ಲಿ ಹಲವು ಬಗೆಯ ತಕರಾರುಗಳಿಗೆ 120 ದಿನಗಳವರೆಗೆ ಅವಕಾಶವಿರುವುದರಿಂದ, ಮರೆತೇಹೋಗಿದ್ದ ಬುಕಿಂಗ್ ಹೀಗೆ ಎದ್ದು ಬರಬಹುದು. ಗೇಟ್‌ವೇ ಕಂಪನಿ ಯಾವ ಮುಲಾಜೂ ಇಲ್ಲದೆ ಮೊತ್ತವನ್ನೂ ಅದರ ಮೇಲೆ ತನ್ನ ಶುಲ್ಕವನ್ನೂ ನನ್ನ ಖಾತೆಯಿಂದ ಹಿಡಿದುಕೊಂಡಿತು. ಅದೇ ಇಮೇಲ್‌ನಲ್ಲಿ ತಕರಾರಿನ ಕಾರಣ, ಉತ್ತರಿಸಲು ಕೊನೆಯ ದಿನಾಂಕ, ಆ ಕಾರಣಕ್ಕೆ ಯಾವ ಯಾವ ದಾಖಲೆ ಬೇಕೆಂಬ ಪಟ್ಟಿ ಮೂರೂ ಇದ್ದವು. ಸಹಿ ಮಾಡಿದ ಕರಾರು, ಬಂದು ತಲುಪಿದ ರಾತ್ರಿ ಅವರು ಕಳಿಸಿದ್ದ ಸಂದೇಶ, ಕೋಡ್ ಹಾಕಿ ಬಾಗಿಲು ತೆರೆದ ದಾಖಲೆ ಇವನ್ನು ಸೇರಿಸಿದೆ. ಯಾರೂ ನನ್ನೊಂದಿಗೆ ಮಾತಾಡಲಿಲ್ಲ, 'ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ' ಎಂದು ಯಾರೂ ಬರೆಯಲಿಲ್ಲ. ಕೆಲವು ವಾರಗಳ ಮೇಲೆ ಹಣ ಮರಳಿತು. ಇನ್ನೊಂದು ಪ್ರಕರಣದಲ್ಲಿ, ಕಾರ್ಡ್ ಬೇರೆಯವರದೆಂದು ಸಾಬೀತಾದ್ದರಿಂದ, ಸೋತೆ. ಆ ಸೋಲಿಗೂ ಕಾರಣ ಬರೆದು ಕಳಿಸಿದ್ದರು. 'ಹೊಂದಾಣಿಕೆ' ಎಂಬ ಒಂಟಿ ಪದಕ್ಕಿಂತ ಇದು ಎಷ್ಟೋ ಮೇಲು.

ಬರೆದುಕೊಟ್ಟ ಕಾರಣಕ್ಕೆ ನಾನು ಇಷ್ಟು ತೂಕ ಕೊಡುವುದಕ್ಕೆ ಕಾನೂನಿನ ಆಧಾರವೂ ಇದೆ. ಯುರೋಪಿಯನ್ ಒಕ್ಕೂಟದಲ್ಲಿ 2020ರ ಜುಲೈ 12ರಿಂದ ಜಾರಿಯಲ್ಲಿರುವ 2019/1150 ಸಂಖ್ಯೆಯ ನಿಯಮಾವಳಿಯ ಪ್ರಕಾರ, ವ್ಯಾಪಾರಿಯ ಲಿಸ್ಟಿಂಗ್ ಅನ್ನು (ತಾಣದಲ್ಲಿ ಅವರು ಹಾಕಿರುವ ಜಾಹೀರಾತು ಪುಟವನ್ನು) ನಿರ್ಬಂಧಿಸುವ ಅಥವಾ ತಡೆಹಿಡಿಯುವ ವೇದಿಕೆ ಅದರ ಕಾರಣಗಳನ್ನು ಲಿಖಿತವಾಗಿ ಕೊಡಬೇಕು, ಸೇವೆಯನ್ನೇ ಕೊನೆಗೊಳಿಸುವುದಾದರೆ ಸಾಮಾನ್ಯವಾಗಿ 30 ದಿನ ಮೊದಲು ತಿಳಿಸಬೇಕು, ಸಣ್ಣ ಕಂಪನಿಗಳನ್ನು ಬಿಟ್ಟು ಉಳಿದವು ಉಚಿತವಾದ ಆಂತರಿಕ ದೂರು ವ್ಯವಸ್ಥೆಯನ್ನು ಇಟ್ಟಿರಬೇಕು ಮತ್ತು ಮಧ್ಯಸ್ಥಗಾರರ ಹೆಸರನ್ನು ತಮ್ಮ ಷರತ್ತುಗಳಲ್ಲಿ ನಮೂದಿಸಬೇಕು. ಇದರ ರಕ್ಷಣೆ ಒಕ್ಕೂಟದೊಳಗೆ ನೆಲೆಯಿದ್ದು ಅಲ್ಲಿನ ಗ್ರಾಹಕರಿಗೆ ಸೇವೆ ಕೊಡುವ ಹೋಸ್ಟ್‌ಗಳಿಗೆ ಮಾತ್ರ. ಉಳಿದವರು ಚಾಟ್‌ನಲ್ಲಿ ನಿರ್ಧಾರದ ಕಾರಣವನ್ನು ಬರೆದುಕೊಡಿ ಎಂದು ಕೇಳಬಹುದು, ಕೊಡಲೇಬೇಕೆಂದು ಕಟ್ಟುಪಾಡು ಹಾಕಲಾಗದು. ಹಾಗಿದ್ದರೂ ಕೇಳುವುದರಿಂದ ಪ್ರಯೋಜನವಾಗುತ್ತದೆ ಎಂಬುದು ನನ್ನ ಅನುಭವ: ಕಾರಣ ಬರೆಯಬೇಕಾದಾಗ ಸಿಬ್ಬಂದಿ ಹಿಂದಿನ ಸಂದೇಶಗಳನ್ನು ಓದುತ್ತಾರೆ.

ರಿವ್ಯೂ ವಿಷಯದಲ್ಲಿ ಹೇಳಲು ಹೆಚ್ಚಿಲ್ಲ. 'ಹಣ ಹಿಂದಿರುಗಿಸಿ, ಇಲ್ಲವಾದರೆ ಕೆಟ್ಟ ರಿವ್ಯೂ ಬರೆಯುತ್ತೇನೆ' ಎಂಬ ಬೆದರಿಕೆ ತಾಣದ ಸಂದೇಶಪೆಟ್ಟಿಗೆಯಲ್ಲೇ ಬರಹದಲ್ಲಿದ್ದರೆ ಮೊದಲನೆಯ ತಾಣ ಆ ರಿವ್ಯೂ ತೆಗೆದುಹಾಕಿತು. ಫೋನಿನಲ್ಲಿ ಹೇಳಿದ್ದಾದರೆ ಮುಟ್ಟಲಿಲ್ಲ. ಎರಡನೆಯದು ಯಾವುದನ್ನೂ ತೆಗೆಯಲಿಲ್ಲ, ಉತ್ತರ ಬರೆಯಲು ಜಾಗ ಕೊಟ್ಟಿತು. ಮೂರನೆಯದರಲ್ಲಿ ರಿವ್ಯೂ ಇಲ್ಲ, ಆದ್ದರಿಂದ ಬೆದರಿಕೆಯೂ ಇಲ್ಲ; ಹೊಸ ಅತಿಥಿಗೆ ನನ್ನ ಮನೆಯ ಮೇಲೆ ನಂಬಿಕೆ ಹುಟ್ಟಿಸುವ ಸಾಧನವೂ ಇಲ್ಲ.

ಮೂರನ್ನೂ ಅಕ್ಕಪಕ್ಕ ಇಟ್ಟರೆ ಯಾವುದೋ ಒಂದನ್ನು ಆರಿಸಿ ಉಳಿದವನ್ನು ಬಿಡಿ ಎಂದು ಹೇಳುವುದು ನನ್ನಿಂದಾಗದು, ಏಕೆಂದರೆ ನೇರ ಬುಕಿಂಗ್‌ನಿಂದಲೇ ಮನೆ ತುಂಬುವುದಿಲ್ಲ. ಮೊದಲ ಸಲ ಬರುವ ಅಪರಿಚಿತರಿಗೆ, ಒಂದೆರಡು ರಾತ್ರಿಯ ತಂಗುವಿಕೆಗೆ, ಮೊದಲನೆಯ ತಾಣವನ್ನೇ ಇಟ್ಟುಕೊಂಡಿದ್ದೇನೆ. ಅವರ ಗುರುತು ಪರಿಶೀಲಿಸುವ ಮತ್ತು ನಡುರಾತ್ರಿ ಅತಿಥಿಯ ಕರೆ ಎತ್ತುವ ಕೆಲಸಕ್ಕೆ ಆ ಶುಲ್ಕ ನ್ಯಾಯವೇ ಎನ್ನಿಸುತ್ತದೆ, ಸಣ್ಣ ಹಾನಿಗಳಿಗೆ ಅಲ್ಲಿಂದ ಏನೂ ಬರುವುದಿಲ್ಲವೆಂದೇ ಲೆಕ್ಕ ಹಾಕಿ ದರ ಇಟ್ಟಿದ್ದೇನೆ. ವಾರ, ತಿಂಗಳ ಲೆಕ್ಕದ ದೀರ್ಘ ತಂಗುವಿಕೆಗಳು ಮೂರನೆಯ ದಾರಿಯಿಂದ ಬರುತ್ತವೆ, ಏಕೆಂದರೆ ಮೊತ್ತ ದೊಡ್ಡದಿರುವಲ್ಲಿ ನನಗೆ ಕರಾರೂ ಡೆಪಾಸಿಟ್ಟೂ ನನ್ನ ಕೈಯಲ್ಲೇ ಇರಬೇಕು. ಎರಡನೆಯ ತಾಣವನ್ನು ಖಾಲಿ ಉಳಿದ ದಿನಗಳಿಗಷ್ಟೇ ತೆರೆದಿಡುತ್ತೇನೆ. ಬಾರದ ಅತಿಥಿಯ ಮೇಲಿನ ಆ ಕಮಿಷನ್ ಇನ್ನೂ ಅಲ್ಲಿನ ಲೆಕ್ಕದಲ್ಲಿ ಬಾಕಿ ಎಂದೇ ತೋರುತ್ತಿದೆ. ಮುಂದಿನ ಇನ್‌ವಾಯ್ಸ್‌ನಲ್ಲೂ ಅದನ್ನು ತೆಗೆಯದಿದ್ದರೆ ಅಲ್ಲಿಯ ಲಿಸ್ಟಿಂಗ್ ಮುಚ್ಚುತ್ತೇನೆ ಎಂದು ಲೆಕ್ಕಪತ್ರ ವಿಭಾಗಕ್ಕೆ ಬರೆದಿದ್ದೇನೆ. ಉತ್ತರದಲ್ಲಿ ಟಿಕೆಟ್ ಸಂಖ್ಯೆಯೊಂದು ಬಂದಿದೆ.